ಎಂಟು ಸಲ ಗೆದ್ದ ಹೊರಟ್ಟಿ, ಮತವಿಲ್ಲದ ಪ್ರಾಥಮಿಕ ಶಿಕ್ಷಕರು

ಗುಂಪು: ಧಾರವಾಡ ಬಿ.ಎಡ್. ಗೆಳೆಯರು

ಗದಗ ಸರ್: (ಚಿತ್ರ) ನೋಡ್ರಿ, ಬಸವರಾಜ ಹೊರಟ್ಟಿಯವರು! 1980ರಿಂದ 2022ರವರೆಗೆ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಸತತ ಎಂಟು ಗೆಲುವು. ದೈಹಿಕ ಶಿಕ್ಷಕರಾಗಿದ್ದವರು ವಿಧಾನ ಪರಿಷತ್ತಿನ ಸಭಾಪತಿ ಪೀಠದವರೆಗೆ ಹೋದರು. ಎಲ್ಲ ಶಿಕ್ಷಕರಿಗೂ ಹೆಮ್ಮೆ ಅಲ್ವಾ?

ಶಿರಸಿ ಮೇಡಂ: ಸಾಧನೆ ದೊಡ್ಡದೇ ಸರ್. ಆದರೆ ಅವರನ್ನು ‘ಎಲ್ಲ ಶಿಕ್ಷಕರ’ ಪ್ರತಿನಿಧಿ ಅನ್ನೋದನ್ನು ನಾನು ಒಪ್ಪಲ್ಲ. ನಾನು ಪ್ರಾಥಮಿಕ ಶಾಲೆಯವಳು. ಆ ಚುನಾವಣೆಯಲ್ಲಿ ನನಗೆ ಒಮ್ಮೆಯೂ ಮತ ಇರಲಿಲ್ಲ.

ಹಾವೇರಿ ಸರ್: ಅದಕ್ಕೆ ಅವರೇನು ಮಾಡಬೇಕು ಮೇಡಂ? ಸಂವಿಧಾನದ 171ನೇ ವಿಧಿಯಲ್ಲೇ ಹಾಗಿದೆ. ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನ ಶಿಕ್ಷಕರಿಗೆ ಮಾತ್ರ ಮತ. ಬದಲಾಯಿಸಬೇಕಾದದ್ದು ಸಂಸತ್ತು.

ಗದಗ ಸರ್: ನಿಮಗೆ ಪದವೀಧರ ಕ್ಷೇತ್ರದಲ್ಲಿ ಮತ ಇದೆಯಲ್ಲ?

ಶಿರಸಿ ಮೇಡಂ: ಇದೆ. ಅದು ಡಿಗ್ರಿಗೆ ಸಿಕ್ಕ ಮತ, ಪಾಠ ಮಾಡಿದ್ದಕ್ಕಲ್ಲ. ಬರೀ ಡಿ.ಎಡ್. ಮಾಡಿ ಒಂದನೇ ತರಗತಿಗೆ ಅಕ್ಷರ ಕಲಿಸುವವರಿಗೆ ಅದೂ ಇಲ್ಲ.

ಹುಬ್ಬಳ್ಳಿ ಸರ್: ನನ್ನ ತಕರಾರೇ ಬೇರೆ. 2022ರಲ್ಲಿ ಸಭಾಪತಿ ಸ್ಥಾನ ಬಿಟ್ಟು, ಜೆಡಿಎಸ್‌ನಿಂದ ಬಿಜೆಪಿಗೆ ಹೋದರು. ಗೆದ್ದು ಅದೇ ವರ್ಷ ಮತ್ತೆ ಸಭಾಪತಿಯಾದರು. ಆ ಪೀಠದಲ್ಲಿ ಕೂತವರು ಹೀಗೆ ಮಾಡಬಾರದಿತ್ತು.

ಗದಗ ಸರ್: ನಮ್ಮ ಕ್ಷೇತ್ರದಲ್ಲಿ ಜನ ಪಕ್ಷ ನೋಡಲ್ಲ ಸರ್, ಮನುಷ್ಯನನ್ನು ನೋಡ್ತಾರೆ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ನಾಲ್ಕೂ ಜಿಲ್ಲೆಯ ಶಿಕ್ಷಕರು ಸುಮ್ನೆ ಗೆಲ್ಲಿಸಿದ್ರಾ? ಅವರು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಮಂತ್ರಿಯಾಗಿದ್ದಾಗ ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ ಶಾಲೆಗಳ ಮಾನ್ಯತೆಯನ್ನೇ ರದ್ದು ಮಾಡಿದರು. 2006ರಲ್ಲಿ ಅಷ್ಟು ಧೈರ್ಯ ಯಾರಿಗಿತ್ತು?

ಶಿರಸಿ ಮೇಡಂ: ಧೈರ್ಯ ಒಪ್ಪಿದೆ. 2007ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ವಿಷಯ ಬಂತು. ಅದೂ ಅದೇ ಸರ್ಕಾರದ ಕಾಲ. ಈಗ ಹೇಳಿ, ಒಂದನೇ ತರಗತಿಯಲ್ಲಿ ಅದನ್ನು ಕಲಿಸಿದವರು ಯಾರು? ನಾವು. ಆ ಖಾತೆಯ ಹೆಸರಲ್ಲೂ ‘ಪ್ರಾಥಮಿಕ’ ಮೊದಲು ಬರುತ್ತದೆ. ಮಂತ್ರಿಯನ್ನು ಪರಿಷತ್ತಿಗೆ ಕಳಿಸಿದ ಮತದಾರರ ಪಟ್ಟಿಯಲ್ಲಿ ಮಾತ್ರ ನಾವಿಲ್ಲ.

ಹಾವೇರಿ ಸರ್: ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಮೇಡಂ. ಆದರೆ ಮತ ಇದ್ದವರಿಗೂ ಎಲ್ಲ ಸಿಕ್ಕಿಲ್ಲ. ನಾನು ಅನುದಾನಿತ ಪ್ರೌಢಶಾಲೆ. 2006ರ ಏಪ್ರಿಲ್ ನಂತರ ಸೇರಿದವನು. ಹಳೇ ಪಿಂಚಣಿ ಇಲ್ಲ.

ಶಿರಸಿ ಮೇಡಂ: ನೀವು ಅವರ ಮುಂದೆ ನಿಂತು ‘ನಿಮಗೆ ಮತ ಹಾಕಿದ್ದೇನೆ, ಪಿಂಚಣಿ ಏನಾಯ್ತು’ ಅಂತ ಕೇಳಬಹುದು ಸರ್. ನಾನು ಮನವಿ ಕೊಟ್ಟು ಬರಬೇಕು ಅಷ್ಟೆ. ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಇದೇ.

ಹುಬ್ಬಳ್ಳಿ ಸರ್: ಪ್ರಾಥಮಿಕದವರನ್ನೂ ಸೇರಿಸಿದರೆ ಮತದಾರರು ಎಷ್ಟೋ ಜಾಸ್ತಿ ಆಗ್ತಾರೆ. ಒಬ್ಬರೇ ಎಂಟು ಸಲ ಗೆಲ್ಲೋದು ಆಗ ಕಷ್ಟ.

ಗದಗ ಸರ್: ಆಗಲೂ ಗೆಲ್ತಾರೆ, ಬರೆದಿಟ್ಟುಕೊಳ್ಳಿ.

ಶಿರಸಿ ಮೇಡಂ: ಗೆಲ್ಲಲಿ ಸರ್, ಬೇಡ ಅನ್ನಲ್ಲ. ನಮ್ಮ ಮತವನ್ನೂ ಕೇಳಿ ಗೆಲ್ಲಲಿ. ತಾಲ್ಲೂಕು ಸಂಘದ ಮುಂದಿನ ಸಭೆಗೆ ಒಂದು ಠರಾವು ಬರೆದಿದ್ದೇನೆ. 171ನೇ ವಿಧಿ ತಿದ್ದಬೇಕು ಅಂತ. ಇಲ್ಲೇ ಹಾಕ್ತೇನೆ. ನೀವು ಪ್ರೌಢಶಾಲೆಯವರು ನಿಮ್ಮ ಸಂಘದಲ್ಲೂ ಅದನ್ನು ಮಂಡಿಸ್ತೀರಾ?

ಹಾವೇರಿ ಸರ್: ಕಳಿಸಿ ಮೇಡಂ. ನಾನು ಮಂಡಿಸ್ತೇನೆ.

ಗದಗ ಸರ್: ನನಗೂ ಕಳಿಸಿ. ಓದಿ ಹೇಳ್ತೇನೆ.