ಪದಚರ್ಚೆ: ‘ರಿಸ್ಕ್’ ಎಂಬುದಕ್ಕೆ ‘ಅಪಾಯ’ ಹೊಂದುತ್ತದೆಯೇ? ಹದಿಹರೆಯದ ಖಿನ್ನತೆಯ ಬರಹದಲ್ಲಿ ಎದುರಾದ ಕೆಲವು ಪದಗಳು

ಪದಚರ್ಚೆಯ ಸದಸ್ಯರಿಗೆ ನಮಸ್ಕಾರ.

ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಕನ್ನಡ ಪಾಲಕರಿಗಾಗಿ ಹದಿಹರೆಯದ ಖಿನ್ನತೆಯ ಕುರಿತು ನಾವು ಕೆಲವರು ಸೇರಿ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೇವೆ. ಖಿನ್ನತೆ ಮತ್ತು ಆತ್ಮಹತ್ಯೆಯ ಜೀವವಿಜ್ಞಾನದ ಬಗ್ಗೆ ಈವರೆಗೆ ನಡೆದಿರುವ ಸಂಶೋಧನೆಯನ್ನು ವಿವರಿಸುವ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಓದುಗರಲ್ಲಿ ಕುಂದಾಪುರ, ಉಡುಪಿಯ ಕಡೆಯಿಂದ ಬಂದು ಹೋಟೆಲು ನಡೆಸುವವರೂ ವಿಜಯಪುರ, ಕಲಬುರಗಿಯ ಕಡೆಯಿಂದ ಬಂದು ಕಟ್ಟಡದ ಕೆಲಸದಲ್ಲಿರುವವರೂ ಇದ್ದಾರೆ. ಮಕ್ಕಳ ಓದು ಬಹುಮಟ್ಟಿಗೆ ಮರಾಠಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಹಾರ್ಮೋನುಗಳ, ರಾಸಾಯನಿಕಗಳ ಹೆಸರುಗಳು ನನಗೆ ಅಷ್ಟೇನೂ ತೊಂದರೆ ಕೊಟ್ಟಿಲ್ಲ. ಕಾರ್ಟಿಸಾಲ್ (ಒತ್ತಡದ ಹಾರ್ಮೋನು), ಸೆರೊಟೋನಿನ್ (ಮಿದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕ) ಎಂದು ಹಾಗೆಯೇ ಬರೆದು ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಟ್ಟರಾಯಿತು. ತೊಡಕಾಗಿರುವುದು ‘ರಿಸ್ಕ್’, ‘ರಿಸ್ಕ್ ಫ್ಯಾಕ್ಟರ್’ ಮತ್ತು ಇವುಗಳ ಬಳಗದ ಮೂರು ನಾಲ್ಕು ಮಾತುಗಳು. ಅವುಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ.

ರೂಢಿಯಲ್ಲಿರುವುದು ‘ಅಪಾಯ’. ‘ಆತ್ಮಹತ್ಯೆಯ ಅಪಾಯವಿರುವ ಮಕ್ಕಳು’ ಎಂದು ಬರೆದರೆ ವ್ಯಾಕರಣದಲ್ಲಿ ಕುಂದೇನೂ ಇಲ್ಲ. ಆದರೆ ಕರಡನ್ನು ಓದಿದ ತಾಯಂದಿರಿಬ್ಬರೂ ಅದನ್ನು ಇಂದೋ ನಾಳೆಯೋ ನಡೆಯಲಿರುವ ಸಂಗತಿಯೆಂದೇ ತಿಳಿದರು. ಕನ್ನಡದ ‘ಅಪಾಯ’ ಎದುರಿಗೆ ನಿಂತಿರುವ ಕೇಡನ್ನು ಹೇಳುವ ಮಾತು. ವಿದ್ಯುತ್ ಪೆಟ್ಟಿಗೆಯ ಮೇಲೆ ತಲೆಬುರುಡೆಯ ಚಿತ್ರದ ಕೆಳಗೆ ಬರೆಯುವ ಮಾತು. ಇಲ್ಲಿ ಅದೇ ಪೆಟ್ಟಿಗೆಯ ಮೇಲೆ ಮರಾಠಿಯಲ್ಲಿ ‘ಧೋಕಾ’ ಎಂದಿರುತ್ತದೆ, ಮರಾಠಿಯ ಆರೋಗ್ಯ ಬರಹಗಳಲ್ಲಿ ರಿಸ್ಕ್‌ಗೂ ‘ಧೋಕಾ’ ಎಂದೇ ಬಳಸುತ್ತಾರೆ; ನಮ್ಮವರಿಗೆ ಧೋಕಾ ಎಂದರೆ ಮೋಸ, ಆದ್ದರಿಂದ ಆ ದಾರಿ ಮುಚ್ಚಿದೆ. ‘ಗಂಡಾಂತರ’ವನ್ನು ಒಬ್ಬ ಹಿರಿಯರು ಸೂಚಿಸಿದರು. ಅದು ಇನ್ನೂ ಕಷ್ಟ. ‘ಹುಡುಗನಿಗೆ ಹದಿನಾರನೆಯ ವಯಸ್ಸಿನಲ್ಲಿ ಒಂದು ಗಂಡಾಂತರವಿದೆ’ ಎಂದು ಜಾತಕ ನೋಡುವವರು ಹೇಳುವ ಮಾತದು, ಒಬ್ಬನ ಹಣೆಬರಹಕ್ಕೆ ಅಂಟಿಕೊಂಡದ್ದು. ಇನ್ನು ‘ರಿಸ್ಕ್’ ಎಂದೇ ಬಿಟ್ಟರೆ, ಮುಂಬಯಿಯ ಮಾತಿನಲ್ಲಿ ರಿಸ್ಕ್ ಎಂಬುದು ನಾವಾಗಿಯೇ ‘ತೆಗೆದುಕೊಳ್ಳುವ’ ವಸ್ತು. ಲೋಕಲ್ ಗಾಡಿಯ ಬಾಗಿಲಲ್ಲಿ ನೇತಾಡುವವನು ತೆಗೆದುಕೊಳ್ಳುತ್ತಾನೆ, ಶೇರು ಕೊಳ್ಳುವವನು ತೆಗೆದುಕೊಳ್ಳುತ್ತಾನೆ. ಖಿನ್ನತೆಗೆ ಸಿಕ್ಕ ಮಗು ಏನನ್ನೂ ತೆಗೆದುಕೊಂಡಿರುವುದಿಲ್ಲ.

ಸಂಶೋಧಕರು ಈ ಮಾತನ್ನು ಬಳಸುವಾಗ ಅವರ ಕಣ್ಣ ಮುಂದೆ ಇರುವುದು ಗುಂಪು. ಒಂದು ಲಕ್ಷಣವಿರುವ ಸಾವಿರಾರು ಮಂದಿಯನ್ನೂ ಅದಿಲ್ಲದ ಸಾವಿರಾರು ಮಂದಿಯನ್ನೂ ಹೋಲಿಸಿದಾಗ ಮೊದಲನೆಯ ಗುಂಪಿನಲ್ಲಿ ಆತ್ಮಹತ್ಯೆಯ ಯತ್ನಗಳು ಹೆಚ್ಚಾಗಿ ಕಂಡುಬಂದರೆ ಆ ಲಕ್ಷಣ ರಿಸ್ಕ್ ಫ್ಯಾಕ್ಟರ್ ಎನಿಸಿಕೊಳ್ಳುತ್ತದೆ. ಗುಂಪಿನ ಈ ಮಾತನ್ನು ಒಬ್ಬ ಹುಡುಗನ ಮೇಲೆ ಇಳಿಸಲು ಹೊರಟರೆ ಏನಾಗುತ್ತದೆ ಎಂಬುದಕ್ಕೂ ಉತ್ತರವಿದೆ. ಐವತ್ತು ವರ್ಷಗಳಲ್ಲಿ ನಡೆದ 365 ಅಧ್ಯಯನಗಳನ್ನು ಒಟ್ಟುಗೂಡಿಸಿ ಜೋಸೆಫ್ ಫ್ರಾಂಕ್ಲಿನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ತಿಳಿದಿರುವ ಯಾವ ಒಂದು ಅಂಶದಿಂದಲೂ ಯಾರು ಆತ್ಮಹತ್ಯೆಗೆ ಯತ್ನಿಸುತ್ತಾರೆ ಎಂದು ಮುಂಚಿತವಾಗಿ ಹೇಳುವುದು ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಹೆಚ್ಚೇನೂ ಮೇಲಲ್ಲ. ಐವತ್ತು ವರ್ಷಗಳಲ್ಲಿ ಆ ಸಾಮರ್ಥ್ಯ ಸುಧಾರಿಸಿಯೂ ಇಲ್ಲ. ಇಷ್ಟು ಎಚ್ಚರದ ತೀರ್ಮಾನವನ್ನು ‘ಅಪಾಯಕಾರಿ ಅಂಶಗಳು’ ಎಂಬ ತಲೆಬರಹದ ಕೆಳಗೆ ಇಟ್ಟರೆ ಅರ್ಥ ತಲೆಕೆಳಗಾಗುತ್ತದೆ. ‘ಅಪಾಯಕಾರಿ’ ಎಂದಾಗ ಆ ಅಂಶವೇ ಕೇಡು ಮಾಡುವಂಥದ್ದು ಎಂದಾಗುತ್ತದೆ. ಹೆಣ್ಣಾಗಿರುವುದೂ ಪ್ರೌಢಾವಸ್ಥೆಗೆ ಕಾಲಿಡುವುದೂ ಖಿನ್ನತೆಯ ರಿಸ್ಕ್ ಫ್ಯಾಕ್ಟರುಗಳ ಪಟ್ಟಿಯಲ್ಲಿವೆ, ಏಕೆಂದರೆ ಆ ವಯಸ್ಸಿನ ನಂತರ ಹುಡುಗಿಯರಲ್ಲಿ ಖಿನ್ನತೆಯ ಪ್ರಮಾಣ ಹುಡುಗರಲ್ಲಿರುವುದರ ಸುಮಾರು ಎರಡು ಪಟ್ಟು. ಮೈನೆರೆಯುವುದನ್ನು ‘ಅಪಾಯಕಾರಿ ಅಂಶ’ ಎಂದು ಅಚ್ಚುಹಾಕಲು ನನ್ನ ಕೈ ಏಳುತ್ತಿಲ್ಲ.

ನನಗೆ ಸದ್ಯಕ್ಕೆ ಹಿಡಿಸಿರುವುದು ‘ಸಂಭವ’. ‘ನಾಳೆ ಮಳೆಯಾಗುವ ಸಂಭವವಿದೆ’ ಎಂಬುದು ಎಲ್ಲರ ಬಾಯಲ್ಲಿರುವ ಮಾತು, ಶಾಲೆಯ ಗಣಿತದಲ್ಲಿ ‘ಸಂಭವನೀಯತೆ’ಯೂ ಇದೆ. ‘ಇಂಥ ಮಕ್ಕಳಲ್ಲಿ ಖಿನ್ನತೆಯ ಸಂಭವ ಹೆಚ್ಚು’, ‘ಸಂಭವ ಹೆಚ್ಚಿಸುವ ಅಂಶ’ ಎಂದು ಬರೆದರೆ ಗುಂಪಿನ ಅರ್ಥ ಉಳಿಯುತ್ತದೆ ಎಂದು ನನ್ನ ಎಣಿಕೆ. ಮಳೆಗೆ ಒಗ್ಗುವ ಮಾತು ಮಗುವಿನ ಜೀವದ ವಿಷಯದಲ್ಲಿ ತೀರ ತಣ್ಣಗಾಗುತ್ತದೆ ಎಂಬ ಆಕ್ಷೇಪವೂ ಬಂದಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ತುರ್ತು ಕಾಣುವ ಕಡೆ, ಮಗು ಈಗಾಗಲೇ ಸಾಯುವ ಮಾತನ್ನಾಡುತ್ತಿರುವಾಗ, ‘ಅಪಾಯ’ವನ್ನೇ ಉಳಿಸಿಕೊಂಡು ಉಳಿದೆಡೆ ‘ಸಂಭವ’ವನ್ನು ಬಳಸಬಹುದೇ?

ಎರಡನೆಯ ಪದ ‘ಸೂಸೈಡಾಲಿಟಿ’. ಪತ್ರಿಕೆಗಳು ಇದನ್ನು ‘ಆತ್ಮಹತ್ಯಾ ಪ್ರವೃತ್ತಿ’ ಎನ್ನುತ್ತವೆ. ಮಗುವಿನ ಸ್ವಭಾವಕ್ಕೇ ಒಂದು ಹಣೆಪಟ್ಟಿ ಹಚ್ಚಿದಂತಾಗುವುದು ಒಂದು ದೋಷ. ಆಲೋಚನೆ, ಯತ್ನ, ಸಾವು ಮೂರನ್ನೂ ಒಂದೇ ಮಡಕೆಗೆ ಹಾಕುವುದು ಅದಕ್ಕಿಂತ ದೊಡ್ಡ ದೋಷ. 2004ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಖಿನ್ನತೆಯ ಮಾತ್ರೆಗಳ ಪೊಟ್ಟಣದೊಳಗಿನ ಸೂಚನಾಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಹಾಕಿಸಿತು. ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ 24 ಪ್ರಯೋಗಗಳನ್ನು ಪರಿಶೀಲಿಸಿದಾಗ, ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇಕಡಾ 2ರಷ್ಟಿದ್ದ ಆತ್ಮಹತ್ಯೆಯ ಆಲೋಚನೆ ಮತ್ತು ವರ್ತನೆ ಔಷಧ ತೆಗೆದುಕೊಂಡವರಲ್ಲಿ ಶೇಕಡಾ 4ರಷ್ಟು ಕಂಡಿತ್ತು. ಆ ಪ್ರಯೋಗಗಳಲ್ಲಿ ಆತ್ಮಹತ್ಯೆಯಿಂದ ಸತ್ತವರು ಒಬ್ಬರೂ ಇರಲಿಲ್ಲ. ಇದನ್ನು ‘ಮಾತ್ರೆಯಿಂದ ಆತ್ಮಹತ್ಯೆ ಎರಡು ಪಟ್ಟು’ ಎಂದು ಅನುವಾದಿಸಿದರೆ, ವೈದ್ಯರನ್ನು ಕೇಳದೆಯೇ ಮಾತ್ರೆ ನಿಲ್ಲಿಸುವ ತಾಯಿಯನ್ನು ದೂರುವಂತಿಲ್ಲ. ಅದೇ ವರ್ಷ ಅಮೆರಿಕದಲ್ಲಿ 12ರಿಂದ 17 ವಯಸ್ಸಿನ 439 ಮಕ್ಕಳ ಮೇಲೆ ನಡೆದ ಚಿಕಿತ್ಸಾ ಅಧ್ಯಯನದ ಫಲಿತಾಂಶ ಹೊರಬಂತು; ಫ್ಲುಒಕ್ಸೆಟಿನ್ ಮಾತ್ರೆಯನ್ನೂ ಮಾತಿನ ಚಿಕಿತ್ಸೆಯನ್ನೂ ಜೊತೆಯಾಗಿ ಪಡೆದವರಲ್ಲಿ ಎಲ್ಲರಿಗಿಂತ ಹೆಚ್ಚು ಸುಧಾರಣೆ ಕಂಡಿತ್ತು. ಆದ್ದರಿಂದ ಇಲ್ಲಿ ಒಂದೇ ಪದದ ಚೆಲುವಿಗೆ ಮರುಳಾಗದೆ ‘ಆತ್ಮಹತ್ಯೆಯ ಆಲೋಚನೆ ಅಥವಾ ಯತ್ನ’ ಎಂದು ಬಿಡಿಸಿಯೇ ಬರೆಯುವುದೆಂದು ನಿರ್ಧರಿಸಿದ್ದೇನೆ.

ಬಿಡಿಸಿ ಬರೆಯುವಾಗ ‘ಯೋಚನೆ’ ಬೇಡ ಎಂದು ನನ್ನ ಹಟ. ಮನೋವೈದ್ಯರು ಮಗುವಿನೊಡನೆ ಮಾತಾಡುವಾಗ ಬಿಡಿಸಿ ಕೇಳುವ ಮುಖ್ಯ ಭೇದವೇ ಸಾಯಬೇಕೆಂಬ ವಿಚಾರ ಬಂದುಹೋಗುವುದಕ್ಕೂ ಹೇಗೆ, ಯಾವಾಗ ಎಂದು ನಿಶ್ಚಯಿಸಿಕೊಂಡಿರುವುದಕ್ಕೂ ನಡುವಿನದು. ಕನ್ನಡದಲ್ಲಿ ಮೊದಲನೆಯದು ‘ಯೋಚನೆ’, ಎರಡನೆಯದು ‘ಯೋಜನೆ’. ನಡುವೆ ಇರುವುದು ಒಂದೇ ಅಕ್ಷರ. ನಮ್ಮ ಡಿಟಿಪಿಯವರು ಮರಾಠಿ ಮಾತಾಡುವವರು, ಅಕ್ಷರ ನೋಡಿ ಜೋಡಿಸುವವರು. ‘ಯೋಚನೆ ಇದ್ದರೆ ಗಾಬರಿಬೀಳದೆ ಮಾತನಾಡಿಸಿ, ಯೋಜನೆ ಇದ್ದರೆ ಮಗುವನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಿರಿ’ ಎಂಬ ಸಾಲಿನಲ್ಲಿ ಚ–ಜ ಅದಲುಬದಲಾದರೆ ಯಾರು ಹೊಣೆ? ‘ವಿಚಾರ’ ಮತ್ತು ‘ಸಿದ್ಧತೆ’ ಎಂದರೆ ಈ ಗೊಂದಲವಿಲ್ಲ, ಉತ್ತರ ಕರ್ನಾಟಕದವರಿಗೂ ‘ವಿಚಾರ’ ಮನೆಮಾತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಇದೇ ಪುಟದ ಅಡಿಯಲ್ಲಿ ದಪ್ಪಕ್ಷರದಲ್ಲಿ ಹಾಕುತ್ತಿದ್ದೇವೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಮರಾಠಿಯ ಸಹವಾಸದಿಂದ ಬಂದ ಇನ್ನೊಂದು ಗಂಟು ‘ನೈರಾಶ್ಯ’. ಮರಾಠಿಯಲ್ಲಿ ಡಿಪ್ರೆಶನ್ ಎಂದರೆ ನೈರಾಶ್ಯ; ಮಕ್ಕಳು ಶಾಲೆಯಿಂದ ಆ ಪದವನ್ನೇ ಮನೆಗೆ ತರುತ್ತಾರೆ, ಹೀಗಾಗಿ ಖಿನ್ನತೆಯ ಬದಲು ಅದನ್ನೇ ಇಟ್ಟುಕೊಳ್ಳೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಅಮೆರಿಕದ ಮನೋವೈದ್ಯ ಆರನ್ ಬೆಕ್ ಮತ್ತು ಸಂಗಡಿಗರು ಆತ್ಮಹತ್ಯೆಯ ವಿಚಾರವಿದ್ದ ರೋಗಿಗಳನ್ನು ಐದರಿಂದ ಹತ್ತು ವರ್ಷ ಹಿಂಬಾಲಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಆತ್ಮಹತ್ಯೆಯಿಂದ ಸತ್ತವರನ್ನು ಉಳಿದವರಿಂದ ಬೇರ್ಪಡಿಸಿದ್ದು ಖಿನ್ನತೆಯ ತೀವ್ರತೆಗಿಂತ ಹೆಚ್ಚಾಗಿ ಭವಿಷ್ಯದ ಬಗ್ಗೆ ಭರವಸೆಯೇ ಇಲ್ಲದಿರುವಿಕೆ. ಕನ್ನಡದ ‘ನೈರಾಶ್ಯ’ ಇದಕ್ಕೆ ತಕ್ಕ ಪದ. ಅದನ್ನು ಕಾಯಿಲೆಯ ಹೆಸರಿಗೆ ಖರ್ಚುಮಾಡಿಬಿಟ್ಟರೆ ಇದನ್ನು ಹೇಳಲು ಪದವೇ ಉಳಿಯುವುದಿಲ್ಲ. ‘ಖಿನ್ನತೆ’ಯೂ ಪೂರ್ತಿ ನಿರ್ದೋಷಿಯಲ್ಲ: ಅದು ಅಳುಮೋರೆಯನ್ನು ಸೂಚಿಸುತ್ತದೆ, ಹದಿಹರೆಯದವರಲ್ಲಿ ಕಾಯಿಲೆ ಸಿಡುಕಾಗಿಯೂ ಕಾಣಿಸಿಕೊಳ್ಳುತ್ತದೆ. ಇದನ್ನು ವಿವರಣೆಯಲ್ಲಿ ಸರಿಪಡಿಸಬಹುದು. (ಪ್ರಾಸಂಗಿಕವಾಗಿ, ನೆರೆಯ ಗುಜರಾತಿಗಳು ಆತ್ಮಹತ್ಯೆಗೆ ‘ಆಪಘಾತ’ ಎನ್ನುತ್ತಾರೆ, ನಮಗೂ ಮರಾಠಿಯವರಿಗೂ ‘ಅಪಘಾತ’ ರಸ್ತೆಯ ಮೇಲಿನದು.)

ಈಗ ನನಗೆ ಬಹಳ ಇಷ್ಟವಾದ, ಆದರೆ ಪೂರ್ತಿ ಧೈರ್ಯ ಬಾರದ ಪದ. ಕೊಲಂಬಿಯಾ ವಿಶ್ವವಿದ್ಯಾಲಯದ ಜಾನ್ ಮಾನ್ ಮತ್ತು ಸಂಗಡಿಗರು 1999ರಲ್ಲಿ ಮಂಡಿಸಿದ ಮಾದರಿಯಲ್ಲಿ ಎರಡು ಎಳೆಗಳಿವೆ: ಹೊರಗಿನ ಇಲ್ಲವೇ ಕಾಯಿಲೆಯ ಒತ್ತಡ ಒಂದು, ಆ ಒತ್ತಡಕ್ಕೆ ಕೆಲವರನ್ನು ಬೇಗ ಈಡುಮಾಡುವ ‘ಡಯಾಥೆಸಿಸ್’ ಇನ್ನೊಂದು. ಸ್ಟಾಕ್‌ಹೋಮಿನ ಮರೀ ಆಸ್ಬೆರ್ಗ್ 1976ರಲ್ಲಿ ಖಿನ್ನರಾದ ವಯಸ್ಕರ ಬೆನ್ನುಹುರಿಯ ದ್ರವದಲ್ಲಿ ಸೆರೊಟೋನಿನ್ ಒಡೆದು ಉಳಿಯುವ ರಾಸಾಯನಿಕವನ್ನು ಅಳೆದಾಗ, ಅದು ಕಡಿಮೆಯಿದ್ದವರಲ್ಲಿ ಆತ್ಮಹತ್ಯೆಯ ಯತ್ನಗಳು ಹೆಚ್ಚಾಗಿ ಕಂಡವು; ಆ ಪ್ರಬಂಧದ ತಲೆಬರಹದ ಕೊನೆಗೆ ಅವರೇ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಶಿಕಾಗೋದ ಘನಶ್ಯಾಮ್ ಪಾಂಡೆಯವರ ತಂಡ ಆತ್ಮಹತ್ಯೆಯಿಂದ ಸತ್ತ ಹದಿಹರೆಯದವರ ಮಿದುಳಿನ ಅಂಗಾಂಶವನ್ನು ಪರೀಕ್ಷಿಸಿ, ಸೆರೊಟೋನಿನ್ನಿನ ಒಂದು ಬಗೆಯ ಗ್ರಾಹಕಗಳು (ಆ ರಾಸಾಯನಿಕ ಬಂದು ಕೂಡುವ ತಾಣಗಳು) ಹಣೆಯ ಹಿಂದಿನ ಭಾಗದಲ್ಲಿಯೂ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿಯೂ ಹೆಚ್ಚಿರುವುದನ್ನು 2002ರಲ್ಲಿ ವರದಿ ಮಾಡಿತು. ಕೆನಡಾದ ಮೆಕ್‌ಗಿಲ್‌ನ ಸಂಶೋಧಕರು 2009ರಲ್ಲಿ, ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾಗಿ ಮುಂದೆ ಆತ್ಮಹತ್ಯೆಯಿಂದ ಸತ್ತವರ ಮಿದುಳಿನಲ್ಲಿ ಕಾರ್ಟಿಸಾಲಿನ ಗ್ರಾಹಕದ ವಂಶವಾಹಿಯ ಮೇಲೆ ರಾಸಾಯನಿಕ ಗುರುತುಗಳು ಹೆಚ್ಚಿರುವುದನ್ನು ತೋರಿಸಿದರು. ಇವಾವುವೂ ಇಂದಿಗೂ ಆಸ್ಪತ್ರೆಯ ರಕ್ತಪರೀಕ್ಷೆಯಾಗಿಲ್ಲ. ಪಾಲಕರು ಮೊದಲು ಕೇಳುವುದು ಅದನ್ನೇ, ಆದ್ದರಿಂದ ‘ಜೈವಿಕ ಕಾರಣ’ ಎನ್ನದೆ ‘ಜೈವಿಕ ಗುರುತು’ ಎಂದಿದ್ದೇನೆ. ಇವೆಲ್ಲವನ್ನೂ ಒಳಗೊಳ್ಳುವ ಡಯಾಥೆಸಿಸ್‌ಗೆ ‘ದೌರ್ಬಲ್ಯ’ ಎಂದರೆ ಬೈದಂತಾಗುತ್ತದೆ. ನಮ್ಮ ಮನೆಗಳಲ್ಲಿ ‘ಅವನದು ಶೀತ ಪ್ರಕೃತಿ’ ಎನ್ನುತ್ತೇವಲ್ಲ, ಆ ‘ಪ್ರಕೃತಿ’ ಹೇಗೆ? ಶೀತ ಪ್ರಕೃತಿಯವನಿಗೆ ಈಗ ನೆಗಡಿಯಿದೆ ಎಂದರ್ಥವಲ್ಲ. ಮಳೆಯಲ್ಲಿ ನೆನೆದರೆ ಬೇರೆಯವರಿಗಿಂತ ಬೇಗ ಬಂದೀತು ಎಂದಷ್ಟೆ. ಗ್ರೀಕರ ವೈದ್ಯದಿಂದ ಬಂದ ಡಯಾಥೆಸಿಸ್ಸಿನ ಅರ್ಥವೂ ಹೆಚ್ಚುಕಡಿಮೆ ಇದೇ. ಅಡ್ಡಿಯೇನೆಂದರೆ ಪ್ರಕೃತಿ ಹುಟ್ಟಿನಿಂದ ಬಂದು ಸಾಯುವತನಕ ಇರುವಂಥದ್ದೆಂಬ ನಂಬಿಕೆ. ಮೆಕ್‌ಗಿಲ್‌ನವರು ತೋರಿಸಿದ ಗುರುತುಗಳ ನಂಟು ಹುಟ್ಟಿದ ಮೇಲಿನ ಅನುಭವದೊಡನೆ. ಆಯುರ್ವೇದ ಬಲ್ಲ ಸದಸ್ಯರು ಈ ಬಗ್ಗೆ ಬರೆದರೆ ಉಪಕಾರವಾಗುತ್ತದೆ.

‘ಹದಿಹರೆಯ’ದ ಬಗ್ಗೆ ಚಿಕ್ಕ ಸಂದೇಹ: ಪದದ ರೂಪ ಹದಿಮೂರರಿಂದ ಹದಿನೆಂಟರವರೆಗಿನದು, ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ 10ರಿಂದ 19. ಮರಾಠಿಯ ‘ಪೌಗಂಡಾವಸ್ಥೆ’ಯನ್ನು ತರುವುದಕ್ಕಿಂತ ‘ಹದಿಹರೆಯ’ವನ್ನೇ ಇಟ್ಟುಕೊಂಡು ವಯಸ್ಸನ್ನು ಅಂಕಿಯಲ್ಲಿ ಕೊಡುತ್ತೇನೆ, ಬೇರೆ ಸಲಹೆಯಿದ್ದರೆ ತಿಳಿಸಿ.

ಪೂರ್ತಿ ಬಗೆಹರಿಯದೆ ಉಳಿದಿರುವುದು ‘ಹೆರಿಟಬಿಲಿಟಿ’. ಅವಳಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2000ದ ವಿಶ್ಲೇಷಣೆಯೊಂದರಲ್ಲಿ ಖಿನ್ನತೆಗೆ ಇದು ಶೇಕಡಾ 37. ಜನಸಮೂಹವೊಂದರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಎಷ್ಟು ಎಂಬುದಷ್ಟೇ ಇದರ ಅರ್ಥ. ‘ವಂಶಪಾರಂಪರ್ಯ ಶೇಕಡಾ 37’ ಎಂದು ಬರೆದರೆ ತಂದೆತಾಯಿ ತಮ್ಮ ಮಗುವಿನ ಕಾಯಿಲೆಯಲ್ಲಿ ಅಷ್ಟು ಪಾಲು ಮನೆತನದ್ದೆಂದು ಓದುತ್ತಾರೆ, ಮಗಳ ಮದುವೆಯ ಮಾತು ಬರುವಾಗ ಬೀಗರ ಕಡೆಯವರೂ ಹಾಗೆಯೇ ಓದುತ್ತಾರೆ. ‘ಆನುವಂಶಿಕತೆ’ ಎಂದರೂ ಇದೇ ಗತಿ. ತಳಿಶಾಸ್ತ್ರವನ್ನೋ ಕೃಷಿಯನ್ನೋ ಕನ್ನಡದಲ್ಲಿ ಬೋಧಿಸುವ ಸದಸ್ಯರು ಬೆಳೆಗಳ ವಿಷಯದಲ್ಲಿ ಇದಕ್ಕೆ ಯಾವ ಪದವನ್ನು ಬಳಸುತ್ತಾರೆ, ಅದನ್ನು ಮನುಷ್ಯರ ವಿಷಯಕ್ಕೆ ತರಬಹುದೇ?