ಔಟ್‌ಕಮ್, ಇಂಪ್ಯಾಕ್ಟ್: 'ಪರಿಣಾಮ' ಎಂಬ ಪದ ಯಾವುದಕ್ಕೆ ಸಲ್ಲಬೇಕು?

ಮಾನ್ಯರೇ,

ಅಂತರರಾಷ್ಟ್ರೀಯ ನೆರವಿನಿಂದ ನಡೆಯುವ ಅಭಿವೃದ್ಧಿ ಯೋಜನೆಗಳ ಮೌಲ್ಯಮಾಪನವನ್ನು ಹೊಸದಾಗಿ ಕಲಿಯುವವರಿಗಾಗಿ ಕನ್ನಡದಲ್ಲಿ ಪಾಠಗಳನ್ನು ಸಿದ್ಧಪಡಿಸುತ್ತಿದ್ದೇನೆ. ಕೆಲವು ಪದಗಳ ವಿಚಾರದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ. 'ಮೌಲ್ಯಮಾಪನ' ಎಂದೊಡನೆ ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆಗಳೇ ನೆನಪಾಗುತ್ತವೆಯಾದರೂ, ರಾಜ್ಯದಲ್ಲಿ ಸರಕಾರದ ಯೋಜನೆಗಳಿಗೆ ಮೌಲ್ಯಮಾಪನ ಪ್ರಾಧಿಕಾರವೇ ಇರುವುದರಿಂದ ಆ ಪದದ ಬಗ್ಗೆ ನನ್ನ ತಕರಾರಿಲ್ಲ. ತೊಡಕಿರುವುದು ಔಟ್‌ಪುಟ್, ಔಟ್‌ಕಮ್, ಇಂಪ್ಯಾಕ್ಟ್ ಎಂಬ ಮೂರು ಹಂತಗಳಲ್ಲಿ.

ಪಾಠದಲ್ಲಿ ಕೀನ್ಯಾದ ಬುಸಿಯಾ ಪ್ರದೇಶದ ಉದಾಹರಣೆಯನ್ನು ಬಳಸಿದ್ದೇನೆ. ಅಲ್ಲಿ 75 ಪ್ರಾಥಮಿಕ ಶಾಲೆಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, 1998ರಿಂದ ಹಂತಹಂತವಾಗಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ನೀಡಲಾಯಿತು. ಮಾತ್ರೆ ತಲುಪಿದ್ದು ಔಟ್‌ಪುಟ್. ಹುಳುಬಾಧೆ ಇಳಿದು, ಶಾಲೆಗೆ ಗೈರುಹಾಜರಿ ಸುಮಾರು ಕಾಲು ಭಾಗದಷ್ಟು ತಗ್ಗಿದ್ದು ಔಟ್‌ಕಮ್. ಆ ಮಕ್ಕಳು ದೊಡ್ಡವರಾದ ಮೇಲೆ ಅವರ ದುಡಿಮೆಯಲ್ಲಿ ಆದ ಬದಲಾವಣೆ ಇಂಪ್ಯಾಕ್ಟ್. ಔಟ್‌ಕಮ್‌ಗೆ ರೂಢಿಯಂತೆ 'ಫಲಿತಾಂಶ' ಎಂದು ಬರೆದು ನೋಡಿದೆ. 'ಯೋಜನೆಯಿಂದ ಶಾಲೆಗಳ ಫಲಿತಾಂಶ ಸುಧಾರಿಸಿತು' ಎಂದರೆ ನಮ್ಮ ಓದುಗರು ಪರೀಕ್ಷೆಯ ಅಂಕಗಳೆಂದೇ ತಿಳಿಯುತ್ತಾರೆ. ಈ ಯೋಜನೆಯ ಬಗ್ಗೆ ಅರ್ಥಶಾಸ್ತ್ರಜ್ಞರಾದ ಮಿಗೆಲ್ ಮತ್ತು ಕ್ರೇಮರ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಾದರೋ ಹಾಜರಾತಿ ಹೆಚ್ಚಿತೇ ಹೊರತು ಅಂಕಗಳು ಹೆಚ್ಚಿದ್ದು ಕಂಡುಬರಲಿಲ್ಲ. ಹೀಗೆ ಪದವೊಂದು ಇಡೀ ಅಧ್ಯಯನದ ಅರ್ಥವನ್ನೇ ತಿರುವುಮುರುವು ಮಾಡುತ್ತದೆ.

ಇಂಪ್ಯಾಕ್ಟ್‌ಗೆ 'ಪ್ರಭಾವ'ಕ್ಕಿಂತ 'ಪರಿಣಾಮ' ಮೇಲು ಎಂಬುದು ನನ್ನ ಅನಿಸಿಕೆ. ಪ್ರಭಾವವೆಂದರೆ ಶಾಸಕರ ಶಿಫಾರಸಿನ ವಾಸನೆ ಬರುತ್ತದೆ. ಪರಿಣಾಮವಾದರೋ ಒಳಿತು ಕೆಡುಕು ಎರಡಕ್ಕೂ, ಎಣಿಸಿದ್ದಕ್ಕೂ ಎಣಿಸದೆ ಬಂದದ್ದಕ್ಕೂ ಸಲ್ಲುತ್ತದೆ. ಆದರೆ ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿಯ ಅಭಿವೃದ್ಧಿ ನೆರವು ಸಮಿತಿಯು 1991ರಲ್ಲಿ ಮುಂದಿಟ್ಟ, 2019ರಲ್ಲಿ ಐದರಿಂದ ಆರಕ್ಕೇರಿದ ಮೌಲ್ಯಮಾಪನದ ಮಾನದಂಡಗಳಲ್ಲಿ ಇಂಪ್ಯಾಕ್ಟ್ ಒಂದು, ಎಫೆಕ್ಟಿವ್‌ನೆಸ್ ಇನ್ನೊಂದು. ಎರಡನೆಯದನ್ನು ನಾವೆಲ್ಲ 'ಪರಿಣಾಮಕಾರಿತ್ವ' ಎನ್ನುತ್ತೇವೆ. ಅದು ಕೇಳುವುದು ಯೋಜನೆಯು ತಾನು ಹಾಕಿಕೊಂಡ ಗುರಿಯನ್ನು ಮುಟ್ಟಿತೇ ಎಂದು. ಆಚೆಗಿನ ದೂರಗಾಮಿ ಬದಲಾವಣೆಯನ್ನು ಕೇಳುವುದು ಇಂಪ್ಯಾಕ್ಟ್. ಗುರಿ ಮುಟ್ಟಿಯೂ ಹೇಳಿಕೊಳ್ಳುವಂಥ ಪರಿಣಾಮ ಬೀರದ ಯೋಜನೆಯನ್ನು 'ಪರಿಣಾಮಕಾರಿಯಾಗಿತ್ತು, ಪರಿಣಾಮವಿರಲಿಲ್ಲ' ಎಂದು ಬರೆಯಬೇಕಾದ ಪಾಡು ಬರುತ್ತದೆ.

ಆದ್ದರಿಂದ ಔಟ್‌ಪುಟ್‌ಗೆ 'ಒದಗಣೆ' (ಕೊಟ್ಟ ಮಾತ್ರೆಯನ್ನು 'ಉತ್ಪನ್ನ' ಎನ್ನಲು ಮನಸ್ಸೊಪ್ಪದು), ಔಟ್‌ಕಮ್‌ಗೆ ಬರಿಯ 'ಫಲ', ಇಂಪ್ಯಾಕ್ಟ್‌ಗೆ 'ಪರಿಣಾಮ', ಎಫೆಕ್ಟಿವ್‌ನೆಸ್‌ಗೆ 'ಗುರಿಸಾಧನೆ' ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಇಷ್ಟು ಬೇರೂರಿರುವ 'ಪರಿಣಾಮಕಾರಿ'ಯನ್ನು ಈ ಒಂದು ಶಾಸ್ತ್ರಕ್ಕಾಗಿ ಬಿಡುವುದು ಸಾಧುವೇ, ಅಥವಾ ಇಂಪ್ಯಾಕ್ಟ್‌ಗೇ ಬೇರೆ ಪದ ಹುಡುಕುವುದು ಲೇಸೇ? ಸರಕಾರಿ ವರದಿಗಳಲ್ಲಿ ಬೇರೆ ಪ್ರಯೋಗಗಳನ್ನು ಕಂಡವರು ವಾಕ್ಯಸಮೇತ ತಿಳಿಸಿದರೆ ಉಪಕಾರವಾಗುತ್ತದೆ.