4294967297ರ ಅಪವರ್ತನ 641 ಎಂಬುದು ಕೈಲೆಕ್ಕದಲ್ಲಿ ಸಿಕ್ಕಿದ್ದು ಹೇಗೆ?

ಪ್ರಶ್ನೆ:
2ಕ್ಕೆ ಕ್ರಮವಾಗಿ 1, 2, 4, 8, 16 ಎಂಬ ಘಾತಾಂಕಗಳನ್ನು ಕೊಟ್ಟು, ಬಂದದ್ದಕ್ಕೆ 1 ಕೂಡಿಸಿದರೆ 3, 5, 17, 257, 65537 ಬರುತ್ತವೆ. ಇವೆಲ್ಲವೂ ಅವಿಭಾಜ್ಯ ಸಂಖ್ಯೆಗಳು. ಸರಣಿ ಎಲ್ಲಿಯವರೆಗೆ ಹೋದರೂ ಹೀಗೆಯೇ ಇರುತ್ತದೆಂದು 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದರು. ಆದರೆ ಮುಂದಿನ ಸಂಖ್ಯೆಯಾದ 2³²+1, ಅಂದರೆ 4294967297, 641ರಿಂದ ಭಾಗವಾಗುತ್ತದೆಂದು ಗಣಿತಜ್ಞ ಆಯ್ಲರ್ 1732ರಲ್ಲಿ ತೋರಿಸಿದರು. 641ಕ್ಕಿಂತ ಚಿಕ್ಕ ಅವಿಭಾಜ್ಯ ಸಂಖ್ಯೆಗಳೇ 115 ಇವೆ. ಅವರು ಅಷ್ಟರಿಂದಲೂ ಒಂದೊಂದಾಗಿ ಭಾಗಿಸುತ್ತಾ ಬಂದರೇ?

ಉತ್ತರ 1:
ಅಷ್ಟು ಶ್ರಮ ಬೇಕಿಲ್ಲ. ಕಾರಣವನ್ನು ಆಯ್ಲರ್ ಮುಂದೊಂದು ಲೇಖನದಲ್ಲಿ ವಿವರಿಸಿದ್ದಾರೆ. ಅದಕ್ಕೆ ಆಧಾರ ಫರ್ಮಾ ಅವರದೇ ಪ್ರಮೇಯ ಎಂಬುದು ನನಗೆ ಇಡೀ ಕಥೆಯಲ್ಲಿ ಅತ್ಯಂತ ಸ್ವಾರಸ್ಯವಾಗಿ ಕಾಣುತ್ತದೆ. 'ಪ' ಎಂಬ ಅವಿಭಾಜ್ಯ ಸಂಖ್ಯೆ 2³²+1ನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದುಕೊಳ್ಳಿ. ಆಗ 2³²ನ್ನು 'ಪ'ದಿಂದ ಭಾಗಿಸಿದರೆ ಶೇಷ −1 (ಅಂದರೆ 'ಪ'ದ ಗುಣಕಕ್ಕಿಂತ 1 ಕಡಿಮೆ) ಎನ್ನಬಹುದು, ಅದರ ವರ್ಗವಾದ 2⁶⁴ಕ್ಕೆ ಶೇಷ 1. ಶೇಷ 1 ಬರುವ, 2ರ ಅತಿ ಚಿಕ್ಕ ಘಾತಾಂಕವು 64ನ್ನು ಭಾಗಿಸಲೇಬೇಕು. ಆದರೆ ಅದು 32 ಅಥವಾ 32ರ ಭಾಜಕವಾಗಿದ್ದರೆ 2³²ಕ್ಕೂ ಶೇಷ 1 ಬರಬೇಕಾಗುತ್ತಿತ್ತು, ಹಾಗಾಗಿ ಅದು 64 ಆಗಿಯೇ ಇರಬೇಕು. ಇತ್ತ ಫರ್ಮಾ ಪ್ರಮೇಯದ ಪ್ರಕಾರ 'ಪ−1' ಎಂಬ ಘಾತಾಂಕಕ್ಕೂ ಶೇಷ 1 ಬರುವುದರಿಂದ, 64 ಎಂಬುದು 'ಪ−1'ನ್ನು ಭಾಗಿಸುತ್ತದೆ. ಅಂದರೆ 64ರ ಗುಣಕಕ್ಕೆ 1 ಕೂಡಿಸಿ ಬರುವ ಅವಿಭಾಜ್ಯಗಳನ್ನು ಮಾತ್ರ ಪರೀಕ್ಷಿಸಿದರೆ ಸಾಕು: 193, 257, 449, 577, 641. ಐದನೆಯದಕ್ಕೇ ಕೆಲಸ ಮುಗಿಯಿತು.

ಉತ್ತರ 2:
641 ಎಂದು ಗೊತ್ತಾದ ಮೇಲೆ ಭಾಗಾಕಾರವನ್ನೇ ಮಾಡದೆ ಅದನ್ನು ಸಾಧಿಸಬಹುದು. 641 = 5×2⁷+1; ಆದ್ದರಿಂದ 641ರಿಂದ ಭಾಗಿಸಿದಾಗ 5×2⁷ಕ್ಕೆ ಶೇಷ −1, ಅದರ ನಾಲ್ಕನೇ ಘಾತವಾದ 5⁴×2²⁸ಕ್ಕೆ ಶೇಷ 1. ಜೊತೆಗೆ 641 = 5⁴+2⁴ ಆಗಿರುವುದರಿಂದ 5⁴ರ ಜಾಗದಲ್ಲಿ −2⁴ ಇಡಬಹುದು. ಆಗ −2³²ಕ್ಕೆ ಶೇಷ 1, ಅಂದರೆ 2³²+1ಕ್ಕೆ ಶೇಷ ಸೊನ್ನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಇನ್ನೊಂದು ಅಪವರ್ತನವಾದ 6700417 ಅವಿಭಾಜ್ಯವೆಂದು ಖಚಿತಪಡಿಸುವುದು ಹೇಗೆ?

ಉತ್ತರ 3:
ಅದರ ವರ್ಗಮೂಲ 2588ಕ್ಕಿಂತ ಸ್ವಲ್ಪ ಹೆಚ್ಚು, ಆದ್ದರಿಂದ ಅಲ್ಲಿಯವರೆಗೆ ನೋಡಿದರೆ ಸಾಕು. ಅದರ ಯಾವುದೇ ಅವಿಭಾಜ್ಯ ಅಪವರ್ತನ 2³²+1ನ್ನೂ ಭಾಗಿಸುವುದರಿಂದ ಮೇಲಿನ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಮೇಲಾಗಿ, 64ರ ಬದಲು 128ರ ಗುಣಕಕ್ಕೆ 1 ಕೂಡಿಸಿದರೆ ಬರುವ ಸಂಖ್ಯೆಗಳೇ ಸಾಕೆಂದು 19ನೇ ಶತಮಾನದಲ್ಲಿ ಗಣಿತಜ್ಞ ಲ್ಯೂಕಾ ತೋರಿಸಿಕೊಟ್ಟರು. ಆ ಮಿತಿಯೊಳಗೆ ಅಂಥ ಅವಿಭಾಜ್ಯಗಳು ಐದೇ: 257, 641, 769, 1153, 1409. ಕಾಗದದ ಮೇಲೆ ಭಾಗಿಸಿ ನೋಡಿ. ಶೇಷ ಕ್ರಮವಾಗಿ 170, 44, 120, 334, 622 ಬರುತ್ತದೆ. ಒಂದೂ ಸೊನ್ನೆಯಲ್ಲ, ಹಾಗಾಗಿ 6700417 ಅವಿಭಾಜ್ಯವೇ.